ಟೆಲಿಪ್ರಾಂಪ್ಟರ್ ತಗೊಂಡು ಮೂರು ತಿಂಗಳಾಯ್ತು

ಉಡುಪಿಯ ಕುಂಜಿಬೆಟ್ಟಿನಲ್ಲಿ ನನ್ನದೊಂದು ಸಣ್ಣ ಆಫೀಸು. ತೆರಿಗೆ ರಿಟರ್ನ್ಸ್ ಹಾಕಿಕೊಡುವ ಕೆಲಸ. ಗಿರಾಕಿಗಳಲ್ಲಿ ಅರ್ಧಕ್ಕರ್ಧ ದುಬೈ, ಮಸ್ಕತ್‌ನಲ್ಲಿ ಇರುವವರು. ತಿಂಗಳಿಗೆ ಎರಡು ಶನಿವಾರ ರಾತ್ರಿ ಅವರಿಗೆ ಝೂಮ್‌ನಲ್ಲಿ ಪ್ರೆಸೆಂಟೇಶನ್ ಮಾಡುತ್ತೇನೆ. ಎನ್‌ಆರ್‌ಇ, ಎನ್‌ಆರ್‌ಒ ಅನ್ನುವ ಅನಿವಾಸಿಗಳ ಬ್ಯಾಂಕ್ ಖಾತೆಗಳು, ವರ್ಷದಲ್ಲಿ ಎಷ್ಟು ದಿನ ಭಾರತದಲ್ಲಿದ್ದರು ಅನ್ನುವ 182 ದಿನದ ಲೆಕ್ಕ, ಇಂಥದ್ದೇ. ಅಂಕಿ ತಪ್ಪಬಾರದು ಅಂತ ಮೇಜಿನ ಮೇಲಿನ ಹಾಳೆ ನೋಡಿ ನೋಡಿ ಹೇಳುತ್ತಿದ್ದೆ. ಆಮೇಲೆ ರೆಕಾರ್ಡಿಂಗ್ ನೋಡಿದರೆ ಬರೀ ನನ್ನ ಬೋಳುತಲೆ! 4,500 ರೂಪಾಯಿ ಕೊಟ್ಟು, ಕ್ಯಾಮೆರಾ ನೋಡುತ್ತಲೇ ಬರೆದದ್ದನ್ನು ಓದಲು ಆಗುವ ಈ ಟೆಲಿಪ್ರಾಂಪ್ಟರ್ ತರಿಸಿದ್ದು ಅದಕ್ಕೇ.

ಒಂದು ಚೌಕಟ್ಟು, 45 ಡಿಗ್ರಿ ವಾಲಿಸಿ ಕೂರಿಸುವ ಗಾಜು, ಕಪ್ಪು ಬಟ್ಟೆ, ಒಂದು ರಿಮೋಟ್. ಇಷ್ಟೇ ಸಾಮಾನು. ಕೆಳಗೆ ಟ್ಯಾಬ್ ಮಲಗಿಸಿದರೆ ಅದರಲ್ಲಿ ಓಡುವ ಅಕ್ಷರ ಗಾಜಿನಲ್ಲಿ ಕಾಣುತ್ತದೆ. ಗಾಜಿನ ಹಿಂದೆ ಕ್ಯಾಮೆರಾ. ಅದಕ್ಕೆ ಅಕ್ಷರ ಕಾಣುವುದಿಲ್ಲ, ನಾವು ಮಾತ್ರ ಕಾಣುತ್ತೇವೆ. ಆದರೆ ಲ್ಯಾಪ್‌ಟಾಪ್‌ನ ಕ್ಯಾಮೆರಾವನ್ನು ಗಾಜಿನ ಹಿಂದೆ ಇಡುವುದು ಹೇಗೆ? ಇದು ನನಗೆ ಹೊಳೆದದ್ದು ಪೆಟ್ಟಿಗೆ ಬಿಚ್ಚಿದ ಮೇಲೆ. ಕೊನೆಗೆ ಹಳೇ ಫೋನನ್ನೇ ವೆಬ್‌ಕ್ಯಾಮ್ ಮಾಡಿಕೊಂಡೆ.

ಮೊದಲ ದಿನ, ಟ್ಯಾಬ್‌ನಲ್ಲಿ ಅಕ್ಷರ ಓಡಿಸುವ ಆ್ಯಪ್‌ನಲ್ಲಿ 'ಮಿರರ್' (ಅಕ್ಷರವನ್ನು ಎಡಬಲ ತಿರುಗಿಸುವ ಬಟನ್) ಒತ್ತಲು ಮರೆತೆ. ಗಾಜಿನಲ್ಲಿ ಅಕ್ಷರಗಳೆಲ್ಲ ಎಡಬಲ ತಿರುಗಿ ನಿಂತಿದ್ದವು. ನೆಟ್ಟಗೆ ಕಂಡದ್ದು 'ಠ' ಒಂದೇ. ಠೇವಣಿ ಅಂತ ಅಂದಾಜಿನಲ್ಲಿ ಶುರು ಮಾಡಿದೆ.

ನಿಜವಾದ ಕಷ್ಟ ಓದುವುದರಲ್ಲಿ. "ಎನ್‌ಆರ್‌ಒ ಖಾತೆಯ ಬಡ್ಡಿಗೆ ಸಂಬಂಧಿಸಿದಂತೆ ಮೂಲದಲ್ಲಿಯೇ ತೆರಿಗೆಯನ್ನು ಕಡಿತಗೊಳಿಸಲಾಗುತ್ತದೆ" ಅಂತ ಬರೆದುಕೊಂಡಿದ್ದೆ. ಕಣ್ಣು ಸರಿಯಾಗಿ ಕ್ಯಾಮೆರಾದಲ್ಲೇ ಇತ್ತು, ಸ್ವರ ಮಾತ್ರ ಸತ್ತಿತ್ತು. ಮಸ್ಕತ್‌ನ ಗಿರಾಕಿಯೊಬ್ಬರು ಮರುದಿನ ಫೋನ್ ಮಾಡಿದರು. "ಎಂತ ಮಾರಾಯ್ರೆ, ಬಾಯಿಪಾಠ ಒಪ್ಪಿಸಿದ ಹಾಗೆ ಉಂಟಲ್ಲ!" ಈಗ ಅದೇ ವಿಷಯ ಹೀಗೆ ಬರೆಯುತ್ತೇನೆ: "ಎನ್‌ಆರ್‌ಒ ಬಡ್ಡಿ ಬಂತಾ? ಬ್ಯಾಂಕಿನವರು ಮೊದಲೇ ಶೇ. 30 ಹಿಡ್ಕೊಳ್ತಾರೆ. ಮೇಲೆ ಸೆಸ್ ಬೇರೆ." ಎಲ್ಲವನ್ನೂ ಬರೆಯುವುದನ್ನೂ ಬಿಟ್ಟೆ. ಶುರುವಿನ ನಾಲ್ಕು ಸಾಲು, ಅಂಕಿಗಳು, ದಿನಾಂಕಗಳು, ಅಷ್ಟು ಸಾಕು. ನಮ್ಮೂರ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಪಾತ್ರದ ಮಾತಾಡುವ ಅರ್ಥಧಾರಿಗಳು ಒಂದು ಚೀಟಿಯೂ ಇಲ್ಲದೆ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನನಗೆ ಅರ್ಧ ಗಂಟೆಗೆ ಗಾಜು ಬೇಕು, ಏನು ಮಾಡೋಣ.

ಹತ್ತಿರ ಕೂತರೆ ಕಣ್ಣು ಎಡಕ್ಕೂ ಬಲಕ್ಕೂ ಓಡುವುದು ನೋಡುವವರಿಗೆ ಗೊತ್ತಾಗುತ್ತದೆ. ಐದಡಿ ಹಿಂದೆ ಕೂತು, ಅಕ್ಷರ ದೊಡ್ಡದು ಮಾಡಿ, ಸಾಲಿಗೆ ಮೂರೇ ಪದ ಇಟ್ಟ ಮೇಲೆ ಸರಿಯಾಯಿತು. ಮಾತು ಕೇಳಿಕೊಂಡು ತಾನೇ ಸರಿಯುವ ಸೌಲಭ್ಯವೂ ಆ್ಯಪ್‌ನಲ್ಲಿದೆ. ಇಂಗ್ಲಿಷಿಗೆ ಚೆನ್ನಾಗಿಯೇ ಓಡಿತು, ನನ್ನ ಕನ್ನಡಕ್ಕೆ ಸುಮ್ನೆ ನಿಂತುಬಿಟ್ಟಿತು. ರಿಮೋಟೇ ಗತಿ.

ಯಾರಾದರೂ ಪ್ರಶ್ನೆ ಕೇಳಿದರೆ ಮತ್ತೆ ಪಕ್ಕದ ಲ್ಯಾಪ್‌ಟಾಪ್ ಕಡೆ ತಿರುಗಲೇಬೇಕು. ಆಗ ಗಾಜು ಇದ್ದೂ ಇಲ್ಲದ ಹಾಗೆ. ಪ್ರಶ್ನೋತ್ತರವೇ ಜಾಸ್ತಿ ಇರುವವರು ಇದನ್ನು ತಗೊಳ್ಳಬೇಡಿ. ನೋಟ್ಸ್ ಕಿಟಕಿಯನ್ನು ಸಣ್ಣದು ಮಾಡಿ, ಪರದೆಯ ಮೇಲ್ತುದಿಯಲ್ಲಿ, ಕ್ಯಾಮೆರಾದ ಸರೀ ಕೆಳಗೆ ಇಟ್ಟುಕೊಳ್ಳಿ. ಕಾಸು ಖರ್ಚಿಲ್ಲದೆ ಮುಕ್ಕಾಲು ಕೆಲಸ ಆಗುತ್ತದೆ. ಪಾಠ ರೆಕಾರ್ಡ್ ಮಾಡುವವರು, ಒಂದೇ ಸಮ ಮಾತಾಡುವವರು ಧೈರ್ಯವಾಗಿ ತಗೊಳ್ಳಬಹುದು.

ಮಳೆಗಾಲದಲ್ಲಿ ಗಾಜು ಬೇಗ ಮಬ್ಬಾಗುತ್ತದೆ. ನಾನು ಕನ್ನಡಕ ಒರೆಸುವ ಬಟ್ಟೆಯಲ್ಲೇ ಒರೆಸುತ್ತೇನೆ, ಬೈರಾಸು (ಟವೆಲ್) ಮುಟ್ಟಿಸುವುದಿಲ್ಲ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ನಾಲ್ಕು ಕೊಡುತ್ತಿದ್ದೆ, ಆದರೆ ರಿಮೋಟಿನ ಸೆಲ್ ಮುಚ್ಚಳ ಮೊದಲ ವಾರವೇ ಮುರಿಯಿತು. ಈಗ ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟಿದ್ದೇನೆ.