ಇಡ್ಲಿ ಸಾಂಬಾರನ್ನೂ ನಂಬಬೇಡಿ: ಸೀಲಿಯಾಕ್ ಇರುವ ಮಗುವಿನೊಂದಿಗೆ ದಸರಾಕ್ಕೆ ಹೊರಟವರಿಗೆ

ದಸರಾ ರಜೆಗೆಂದು ಮೈಸೂರಿನ ನಡುಪೇಟೆಯಲ್ಲಿ ಹೋಟೆಲ್ ಕೋಣೆ ಕಾದಿರಿಸುವವರಿದ್ದೀರಾ? ನಿಮ್ಮ ಮನೆಯಲ್ಲಿ ಸೀಲಿಯಾಕ್ ಕಾಯಿಲೆಯ ಮಗುವೋ ಹಿರಿಯರೋ ಇದ್ದರೆ ಹಣ ಕಟ್ಟುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ಗ್ಲುಟೆನ್ ಇಲ್ಲದ ಊಟ ಖಂಡಿತ ಸಿಗುತ್ತದೆ ಎಂದು ಫೋನಿನಲ್ಲಿ ಭರವಸೆ ಕೊಟ್ಟ ಹೋಟೆಲಿನಲ್ಲೇ ನಮ್ಮ ಮಗಳು ಹಾಸಿಗೆ ಹಿಡಿದಳು. ಜಂಬೂ ಸವಾರಿ ನೋಡಲೆಂದು ಧಾರವಾಡದಿಂದ ಹೋದವರು ಅದನ್ನು ಕೋಣೆಯ ಟಿವಿಯಲ್ಲಿ ನೋಡಿದೆವು.

ಈ ಕಾಯಿಲೆಯ ಪರಿಚಯ ಇಲ್ಲದವರಿಗೆ ಎರಡು ಮಾತು. ಇದು ಅಲರ್ಜಿಯಲ್ಲ, ಅಜೀರ್ಣವೂ ಅಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ಎರಗುತ್ತದೆ. ಕರುಳಿನ ಒಳಪದರ ಸವೆಯುತ್ತದೆ, ತಿಂದ ಅನ್ನದ ಸತ್ವ ಮೈಗೆ ಹತ್ತುವುದಿಲ್ಲ. ನಮ್ಮ ಮಗಳ ಎತ್ತರ ನಿಂತುಹೋಗಿತ್ತು, ಎಷ್ಟು ಔಷಧಿ ಕೊಟ್ಟರೂ ರಕ್ತಹೀನತೆ ಬಿಡುತ್ತಿರಲಿಲ್ಲ. ರಕ್ತಪರೀಕ್ಷೆ, ಎಂಡೋಸ್ಕೋಪಿ ಎಲ್ಲ ಆದ ಮೇಲೆ ಹೆಸರು ತಿಳಿಯಿತು. ಇದಕ್ಕೆ ಗುಳಿಗೆ ಇಲ್ಲ. ಜೀವನಪೂರ್ತಿ ಗ್ಲುಟೆನ್ ಬಿಡುವುದೊಂದೇ ದಾರಿ. 'ಸ್ವಲ್ಪ ತಿಂದರೆ ಏನೂ ಆಗುವುದಿಲ್ಲ' ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಚಪಾತಿ ಮಾಡಿದ ಹಂಚಿನ ಮೇಲೆ ಉಳಿದ ಹಿಟ್ಟು ಕೂಡ ತೊಂದರೆ ಕೊಡಬಲ್ಲದು. ಹೊಟ್ಟೆ ನೋಯದಿದ್ದರೂ ಒಳಗೆ ಕರುಳು ಕೆಡುತ್ತಿರಬಹುದು.

ಮನೆಯಲ್ಲಿ ನಮಗೆ ಇದು ಕಷ್ಟವೇನಲ್ಲ. ಜೋಳದ ರೊಟ್ಟಿ ಉಂಡು ಬೆಳೆದ ಸೀಮೆ ನಮ್ಮದು. ಊರ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸುತ್ತಾರೆಂದು ಮನೆಗೇ ಒಂದು ಸಣ್ಣ ಗಿರಣಿ ತಂದುಕೊಂಡಿದ್ದೇವೆ. ಕಷ್ಟವೆಲ್ಲ ಹೊಸ್ತಿಲು ದಾಟಿದ ಮೇಲೆ.

ಕೋಣೆ ಕಾದಿರಿಸುವ ಮೊದಲು ಹೋಟೆಲಿಗೆ ಫೋನ್ ಮಾಡಿ ವಿವರವಾಗಿ ಹೇಳಿದ್ದೆ. ಕೇಳಿದ ಪ್ರತಿಯೊಂದಕ್ಕೂ 'ಎಲ್ಲ ವ್ಯವಸ್ಥೆ ಇದೆ ಮೇಡಂ' ಎಂಬ ಉತ್ತರ. ಇ-ಮೇಲ್ ಕಳಿಸಿದೆ, ಅದಕ್ಕೂ ಒಪ್ಪಿಗೆ ಬಂತು. ಅಷ್ಟಕ್ಕೇ ಬಿಡದೆ, ಏನೇನು ಕೂಡದು ಎಂದು ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಮುದ್ರಿಸಿದ ಚೀಟಿಯನ್ನು ಕೋಣೆಯ ಕೀಲಿ ಪಡೆಯುವಾಗಲೇ ಕೌಂಟರಿನಲ್ಲಿ ಕೊಟ್ಟೆ: ಗೋಧಿ, ಮೈದಾ, ರವೆ, ಶಾವಿಗೆ, ಬಾರ್ಲಿ, ಓಟ್ಸ್, ಸೋಯಾ ಸಾಸ್, ಡಬ್ಬಿಯ ಇಂಗು. ಅಡುಗೆಮನೆಗೆ ಈಗಲೇ ಮುಟ್ಟಿಸುತ್ತೇವೆ ಎಂದರು.

ಮರುದಿನ ಬೆಳಗಿನ ತಿಂಡಿಗೆ ಇಳಿದೆವು. ಸಾಲಾಗಿ ಇಟ್ಟ ಪಾತ್ರೆಗಳಲ್ಲಿ ಪೂರಿ, ಉಪ್ಪಿಟ್ಟು, ಕೇಸರಿಬಾತು, ಇಡ್ಲಿ. ಒಂದು ಪಾತ್ರೆಯ ಮುಂದೆ 'ಗ್ಲುಟೆನ್ ಫ್ರೀ' ಎಂಬ ಅಂದದ ಫಲಕವಿತ್ತು. ಮಗಳು ಹಿಗ್ಗಿ ತಟ್ಟೆ ಚಾಚಿದಳು, ಅವಳಿಗಾಗಿಯೇ ಬರೆದ ಫಲಕ ಅವಳು ಕಂಡಿದ್ದೇ ಕಡಿಮೆ. ಮುಚ್ಚಳ ತೆಗೆದರೆ ಓಟ್ಸ್ ಇಡ್ಲಿ. ಇದಕ್ಕೆ ಏನು ಹಾಕಿದ್ದೀರಿ ಎಂದು ಬಡಿಸುವ ಹುಡುಗನನ್ನು ಕೇಳಿದೆ. 'ಓಟ್ಸ್, ಮೊಸರು, ರವೆ. ಮೈದಾ ಒಂಚೂರೂ ಇಲ್ಲ ಮೇಡಂ' ಎಂದ. ರವೆ ಗೋಧಿಯದೇ ಎಂದು ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಫಲಕವನ್ನು ಬರೆಸಿದವರಿಗೂ ಗೊತ್ತಿರಲಿಲ್ಲ. ಓಟ್ಸ್‌ನದೂ ಅದೇ ಕಥೆ. ಗದ್ದೆಯಿಂದ ಕಾರ್ಖಾನೆಯವರೆಗೆ ಗೋಧಿಯ ಜೊತೆಯಲ್ಲೇ ಓಡಾಡುವ ಧಾನ್ಯ ಅದು. ಗ್ಲುಟೆನ್ ಇಲ್ಲವೆಂದು ಪೊಟ್ಟಣದ ಮೇಲೆ ಬರೆದಿರದಿದ್ದರೆ ನಮಗೆ ಅದು ಬೇಡ.

ದೋಸೆ ಕಾವಲಿಯ ಹತ್ತಿರ ಹೋದೆ. ಅರ್ಧ ಕಾವಲಿಯಲ್ಲಿ ದೋಸೆ, ಇನ್ನರ್ಧದಲ್ಲಿ ಪರೋಟ, ಎರಡಕ್ಕೂ ಒಂದೇ ಸಟ್ಟುಗ. ಅದನ್ನು ಅಲ್ಲಿಗೇ ಬಿಟ್ಟೆವು.

ಆಗ ವ್ಯವಸ್ಥಾಪಕರು ತಾವಾಗಿ ಬಂದರು. ನಿಮ್ಮ ಚೀಟಿ ನೋಡಿದ್ದೇವೆ, ಪಾಪುಗೆ ಬೇರೆಯೇ ಮಾಡಿಸುತ್ತೇವೆ ಎಂದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಕ್ಕಿ ಇಡ್ಲಿ, ಒಂದು ಬಟ್ಟಲು ಸಾಂಬಾರು ಬಂದವು. 'ಇಂಗು ಹಾಕದೆ ಇವಳಿಗೆಂದೇ ಮಾಡಿಸಿದ್ದು' ಎಂದು ಅವರೇ ಮೇಜಿನ ಮೇಲಿಟ್ಟರು. ಮಗಳು ಉಂಡಳು.

ಮಧ್ಯಾಹ್ನ ಅರಮನೆಯ ಕಡೆ ಹೊರಡುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡಳು. ಮೊದಲು ನೋವು, ಆಮೇಲೆ ವಾಂತಿ, ಸಂಜೆಗೆ ಭೇದಿ. ದೀಪಾಲಂಕಾರ ಹೊತ್ತಿಕೊಳ್ಳುವ ವೇಳೆಗೆ ಅವಳಿಗೆ ಎದ್ದು ಕೂರುವ ಶಕ್ತಿ ಇರಲಿಲ್ಲ. ಉಪ್ಪು ಸಕ್ಕರೆಯ ದ್ರಾವಣವನ್ನು ಚಮಚದಲ್ಲಿ ಕುಡಿಸುತ್ತ ರಾತ್ರಿ ಕಳೆದೆವು. ವೈದ್ಯರನ್ನು ಕರೆಸಿಕೊಡಿ ಎಂದು ಕೆಳಗೆ ಫೋನ್ ಮಾಡಿದರೆ, ಪ್ರಯಾಣದಲ್ಲಿ ಮಕ್ಕಳಿಗೆ ಹೀಗೆಲ್ಲ ಆಗುತ್ತದೆ, ಬೆಳಿಗ್ಗೆ ನೋಡೋಣ ಎಂಬ ಉತ್ತರ. ಕೊನೆಗೆ ಧಾರವಾಡದ ನಮ್ಮ ಡಾಕ್ಟರೇ ಫೋನಿನಲ್ಲಿ ದಾರಿ ತೋರಿಸಿದರು.

ಬೆಳಗಾದ ಮೇಲೆ ನಾನು ನೇರವಾಗಿ ಅಡುಗೆಮನೆಯ ಬಾಗಿಲಿಗೆ ಹೋದೆ. ಮುಖ್ಯ ಅಡುಗೆಯವರು ವಯಸ್ಸಾದವರು, ಸಂಭಾವಿತರು. ಭಟ್ಟರೇ, ನಿನ್ನೆ ನನ್ನ ಮಗಳಿಗೆ ಬೇರೆ ಮಾಡಿದ ಸಾಂಬಾರಿಗೆ ಏನೇನು ಹಾಕಿದ್ದಿರಿ ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. 'ಬೇರೆ ಸಾಂಬಾರು ಯಾವುದು ತಾಯಿ? ನಮ್ಮಲ್ಲಿ ಆಗುವುದು ಒಂದೇ ಕೊಪ್ಪರಿಗೆ.' ಇಂಗಿನ ಡಬ್ಬಿ ತೋರಿಸಿ ಎಂದೆ. ತಂದರು. ಬಿಳಿ ಮುಚ್ಚಳದ ದೊಡ್ಡ ಡಬ್ಬಿ, ಒಳಗೆ ಹಳದಿ ಪುಡಿ. ಹಿಂಬದಿಯ ಚೀಟಿಯ ಮೇಲೆ ಎಣ್ಣೆಯ ಬೆರಳಿನ ಗುರುತು. ಅದನ್ನು ಒರೆಸಿ ಓದಿಸಿದೆ: ತಿನ್ನುವ ಅಂಟು, ಗೋಧಿ ಹಿಟ್ಟು, ಅದಾದ ಮೇಲೆ ಇಂಗು. ಅವರು ಕನ್ನಡಕ ಏರಿಸಿ ಮತ್ತೊಮ್ಮೆ ಓದಿದರು. ಇಷ್ಟು ವರ್ಷ ಇದನ್ನೇ ಹಾಕಿದ್ದೇನೆ, ಇದರಲ್ಲಿ ಗೋಧಿ ಇದೆ ಎಂದು ಯಾರೂ ಹೇಳಿರಲಿಲ್ಲ ಎಂದರು. ಆಮೇಲೆ ತಾವಾಗಿಯೇ ಇನ್ನೊಂದು ವಿಷಯ ಹೇಳಿದರು. ದಸರಾದ ನೂಕುನುಗ್ಗಲಿನಲ್ಲಿ ಸಾಂಬಾರು ಸಾಲದೆ ನೀರು ಬೆರೆಸಬೇಕಾಗುತ್ತದೆ, ತೆಳ್ಳಗಾದದ್ದು ಮಂದವಾಗಲಿ ಎಂದು ಮೈದಾ ಕದಡಿ ಹೊಯ್ಯುತ್ತಾರೆ. ಹಿಂದಿನ ಬೆಳಿಗ್ಗೆಯೂ ಹೊಯ್ದಿದ್ದರು.

ನನ್ನ ಚೀಟಿ ಅವರ ಕೈಗೆ ಬಂದೇ ಇರಲಿಲ್ಲ. ವಾಪಸು ಬರುವಾಗ ಕೌಂಟರಿನಲ್ಲಿ ಹುಡುಕಿಸಿದೆ. ಕೀಲಿಗಳ ತಟ್ಟೆಯ ಅಡಿಯಲ್ಲಿ, ನಾನು ಕೊಟ್ಟಾಗ ಮಡಿಸಿದ್ದ ಮಡಿಕೆಯಲ್ಲೇ ಬಿದ್ದಿತ್ತು.

ಆ ಅಡುಗೆಯವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಮಾತು ಹೇಳಿದ್ದರೆ ಬೇರೆ ಪಾತ್ರೆಯಲ್ಲಿ ಮಾಡಿಕೊಡುತ್ತಿದ್ದೆನಲ್ಲ ತಾಯಿ ಎಂದು ಅವರು ನೊಂದುಕೊಂಡದ್ದು ನಿಜವಾದ ನೋವು. ನನ್ನ ಸಿಟ್ಟು ಇರುವುದು ಮಾಡಿಸದ ಅಡುಗೆಯನ್ನು ಮಾಡಿಸಿದೆವೆಂದು ಹೇಳಿ ಮಗುವಿನ ಮುಂದೆ ತಂದಿಟ್ಟವರ ಮೇಲೆ. ಆಗುವುದಿಲ್ಲ ಎಂದಿದ್ದರೆ ನಾವು ಬಾಳೆಹಣ್ಣು ತಿನ್ನಿಸಿ ಎದ್ದು ಹೋಗುತ್ತಿದ್ದೆವು. ಇದು ಉಪಚಾರದಲ್ಲಾದ ಲೋಪ ಎಂದು ತಳ್ಳಿಹಾಕುವ ವಿಷಯವಲ್ಲ. ಒಂದು ಮಗುವಿನ ಆರೋಗ್ಯದ ವಿಷಯದಲ್ಲಿ ಹೇಳಿದ ಸುಳ್ಳು.

ಅಲ್ಲಿಂದ ಮುಂದೆ ನಡುಪೇಟೆಯ ಹೋಟೆಲಿನ ಇನ್ನೊಂದು ಕಷ್ಟ ಗೊತ್ತಾಯಿತು. ಜಂಬೂ ಸವಾರಿಯ ದಿನ ಅರಮನೆಯಿಂದ ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆಯ ಮೂಲಕ ಬನ್ನಿಮಂಟಪದವರೆಗೆ ಮೆರವಣಿಗೆ ಸಾಗುತ್ತದೆ. ಸುತ್ತಲಿನ ರಸ್ತೆಗಳಿಗೆ ವಾಹನ ಬಿಡುವುದಿಲ್ಲ. ಮೊಬೈಲಿನಲ್ಲಿ ಊಟ ತರಿಸೋಣವೆಂದರೆ ತಂದುಕೊಡುವವರು ಒಳಗೆ ಬರಲಾರರು. ಮನೆಯಿಂದ ತಂದ ಅಕ್ಕಿ, ಹೆಸರುಬೇಳೆಯನ್ನು ನಮ್ಮದೇ ಸಣ್ಣ ವಿದ್ಯುತ್ ಕುಕ್ಕರಿನಲ್ಲಿ ಬೇಯಿಸಿಕೊಳ್ಳುತ್ತೇವೆ ಎಂದೆವು, ಕೋಣೆಯಲ್ಲಿ ಅಡುಗೆ ನಿಷೇಧ ಎಂದರು. ಬೆಂಕಿಯ ಭಯ, ಒಪ್ಪುವಂಥದ್ದೇ. ಹಾಗಾದರೆ ನಿಮ್ಮ ಅಡುಗೆಮನೆಯಲ್ಲೇ ನಮ್ಮ ಪಾತ್ರೆಯಲ್ಲಿ ಗಂಜಿ ಬೇಯಿಸಿಕೊಡಿ ಎಂದರೆ, ಹೊರಗಿನ ಸಾಮಾನು ಒಳಗೆ ಬಿಡುವಂತಿಲ್ಲ ಎಂಬ ನಿಯಮ ಮುಂದೆ ಬಂತು. ಭಟ್ಟರು ಆ ನಿಯಮವನ್ನು ಬದಿಗಿಟ್ಟು ಗಂಜಿ ಮಾಡಿಕೊಟ್ಟರು ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಮಾರನೆಯ ದಿನ ಕುವೆಂಪುನಗರದಲ್ಲಿ ಅಡುಗೆಮನೆಯಿರುವ ಒಂದು ಬಾಡಿಗೆ ಮನೆಗೆ ಬದಲಾಯಿಸಿಕೊಂಡೆವು. ಉಳಿದ ದಿನಗಳ ಹಣ ವಾಪಸು ಕೇಳಿದ್ದಕ್ಕೆ, ರದ್ದು ಮಾಡಿದರೆ ಹಣವಿಲ್ಲ ಎಂಬ ಷರತ್ತನ್ನು ತೋರಿಸಿದರು.

ಇಂಥ ಅನುಭವ ನಮ್ಮ ಕಡೆಯೇ ಹೆಚ್ಚು ಆಗುವುದಕ್ಕೆ ಒಂದು ಕಾರಣವಿದೆ. ಗೋಧಿಯೇ ಮುಖ್ಯ ಊಟವಾದ ಉತ್ತರ ಭಾರತದಲ್ಲಿ ಸೀಲಿಯಾಕ್ ಹೆಚ್ಚು ಕಾಣಿಸುತ್ತದೆ, ದಕ್ಷಿಣದಲ್ಲಿ ಕಡಿಮೆ. ಹಾಗಾಗಿ ಇಲ್ಲಿನ ಹೋಟೆಲುಗಳಲ್ಲಿ ಇದರ ಹೆಸರನ್ನೇ ಕೇಳದವರು ಬಹಳ. ಅಕ್ಕಿಯ ನಾಡಿನಲ್ಲಿ ನಿಮಗೇಕೆ ಚಿಂತೆ, ಇಡ್ಲಿ ದೋಸೆ ತಿಂದರಾಯಿತು ಎಂದು ಬಂಧುಗಳೂ ಹೇಳುತ್ತಾರೆ. ಆದರೆ ಅಪಾಯ ಕೂತಿರುವುದು ಕಣ್ಣಿಗೆ ಕಾಣುವ ಪೂರಿಯಲ್ಲಿ ಅಲ್ಲ. ಒಗ್ಗರಣೆಯ ಇಂಗಿನಲ್ಲಿ, ಅದೇ ಇಂಗು ಬಿದ್ದ ಉಪ್ಪಿನಕಾಯಿ, ಹಪ್ಪಳ, ಮಸಾಲೆ ಮಜ್ಜಿಗೆ, ಪೊಂಗಲಿನಲ್ಲಿ. ದೋಸೆ ಗರಿಗರಿಯಾಗಲೆಂದು ಹಿಟ್ಟಿಗೆ ಬೆರೆಸುವ ರವೆ, ಮೈದಾದಲ್ಲಿ. ಸಾಗು ಕುರ್ಮಾ ಮಂದ ಮಾಡಲು ಕದಡುವ ಮೈದಾದಲ್ಲಿ. ಪೂರಿ ಕರಿದ ಎಣ್ಣೆಯಲ್ಲೇ ಕರಿಯುವ ಉದ್ದಿನ ವಡೆಯಲ್ಲಿ. ರವೆ ಇಡ್ಲಿ ಬೆಂದ ತಟ್ಟೆಯಲ್ಲೇ ಬೇಯುವ ಅಕ್ಕಿ ಇಡ್ಲಿಯಲ್ಲಿ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಮುದ್ದೆ ಒಳ್ಳೆಯದೇ, ಆದರೆ ಹಿಟ್ಟು ಬೀಸಿದ ಗಿರಣಿಯಲ್ಲಿ ಗೋಧಿ ಬೀಸಿರುತ್ತಾರೆ. ಮೈಸೂರು ಪಾಕಿಗೆ ಬೇಕಾದದ್ದು ಕಡಲೆಹಿಟ್ಟು, ತುಪ್ಪ, ಸಕ್ಕರೆ ಅಷ್ಟೇ. ಆ ಹಿಟ್ಟಿಗೆ ಬೇರೇನೂ ಬೆರೆತಿಲ್ಲವೆಂದು ಮಾಡಿದವರೇ ಹೇಳಿದ ಹೊರತು ನಾವು ಮಗಳಿಗೆ ಕೊಡುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ಬಂದ ಮೇಲೆ ಓದಿದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಪ್ರಕಾರ ಗ್ಲುಟೆನ್ ಮುಕ್ತ ಎಂದು ಮಾರುವ ಆಹಾರದಲ್ಲಿ ಗ್ಲುಟೆನ್ ಪ್ರಮಾಣ ಕಿಲೋಗೆ 20 ಮಿಲಿಗ್ರಾಂ ಮೀರುವಂತಿಲ್ಲ. ರವೆ ಹಾಕಿದ ಇಡ್ಲಿಯ ಮುಂದೆ ಆ ಫಲಕ ಇಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಅಲರ್ಜಿ ತರುವ ಪದಾರ್ಥಗಳ ವಿವರವನ್ನು ಗ್ರಾಹಕರಿಗೆ ತಿಳಿಸಬೇಕೆಂಬ 2020ರ ನಿಯಮವೂ ಇದೆ, ಗ್ಲುಟೆನ್ ಇರುವ ಧಾನ್ಯಗಳು ಆ ಪಟ್ಟಿಯಲ್ಲಿವೆ. ಆದರೆ ಆ ಹೊಣೆ ಬಿದ್ದಿರುವುದು ಕೇಂದ್ರ ಪರವಾನಗಿ ಪಡೆದವರ ಮೇಲೆ ಮತ್ತು 10 ಅಥವಾ ಹೆಚ್ಚು ಕಡೆ ಶಾಖೆಗಳಿರುವವರ ಮೇಲೆ. ಒಂದೇ ಊರಿನ ಒಂಟಿ ಹೋಟೆಲು ಅದರಿಂದ ಜಾರಿಕೊಳ್ಳುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ. ಮೈದಾ ಎಲ್ಲಿ ಹಾಕಿದ್ದೇವೆ ಎಂದು ಒಂದು ಹಲಗೆಯಲ್ಲಿ ಬರೆಯಲು ಹತ್ತು ಶಾಖೆ ಬೇಕಿಲ್ಲ.

ಹೋಗಲೇಬೇಕಾದವರು ಹೀಗೆ ಮಾಡಿ. ಅಡುಗೆಮನೆಯಿರುವ ಮನೆ ಅಥವಾ ಸರ್ವಿಸ್ ಅಪಾರ್ಟ್‌ಮೆಂಟ್ ಸಿಗುವುದಾದರೆ ಅರಮನೆಯಿಂದ ಮೂರ್ನಾಲ್ಕು ಕಿಲೋಮೀಟರ್ ದೂರವಾದರೂ ಅದನ್ನೇ ಹಿಡಿಯಿರಿ. ದಸರಾದಲ್ಲಿ ಅಂಥವು ಬೇಗ ತುಂಬುತ್ತವೆ, ಎರಡು ಮೂರು ತಿಂಗಳ ಮೊದಲೇ ನೋಡಿ. ಹೋಟೆಲೇ ಗತಿ ಎಂದಾದರೆ ಕೌಂಟರಿನವರ ಮಾತಿಗೆ ನಿಲ್ಲದೆ ಮುಖ್ಯ ಅಡುಗೆಯವರನ್ನು ಫೋನಿಗೆ ಕರೆಸಿ. 'ಗ್ಲುಟೆನ್ ಇಲ್ಲದ್ದು ಇದೆಯಾ' ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಹೂಂ ಎಂದು ಮುಗಿಸಲಾಗದ ಪ್ರಶ್ನೆ ಕೇಳಿ: ಇಂಗಿನ ಡಬ್ಬಿಯ ಹಿಂದೆ ಏನು ಬರೆದಿದೆ, ಓದಿ ಹೇಳಿ. ದೋಸೆ ಹಿಟ್ಟಿಗೆ ಅಕ್ಕಿ ಉದ್ದಿನ ಜೊತೆ ಮತ್ತೇನು ಹಾಕುತ್ತೀರಿ. ಪರೋಟ ಯಾವ ಕಾವಲಿಯಲ್ಲಿ ಬೇಯುತ್ತದೆ. ಉತ್ತರ ತಡವರಿಸಿದರೆ ಆ ಹೋಟೆಲು ಬಿಡಿ. ಅಲ್ಲಿ ಹೋದ ಮೇಲೂ ಚೀಟಿಯನ್ನು ನಿಮ್ಮ ಕೈಯಾರೆ ಅಡುಗೆಯವರಿಗೇ ಕೊಡಿ. ಅಕ್ಕಿ ಹಿಟ್ಟು ಬೆರೆಸಿದ ಇಂಗಿನ ಸಣ್ಣ ಡಬ್ಬಿ, ಒಂದು ಪುಟ್ಟ ಬಾಣಲೆ, ಅವಲಕ್ಕಿ, ಮನೆಯ ಚಟ್ನಿಪುಡಿ ಚೀಲದಲ್ಲಿರಲಿ. ಅನುಮಾನ ಬಂದ ಹೊತ್ತಿಗೆ ಒಗ್ಗರಣೆ ಇಲ್ಲದ ಬಿಳಿ ಅನ್ನ, ಗಟ್ಟಿ ಮೊಸರು, ಬೇಯಿಸಿದ ಮೊಟ್ಟೆ, ನೀವೇ ಸುಲಿದ ಹಣ್ಣು ಸಾಕು.

ಏನಾದರೂ ಎಡವಟ್ಟಾದರೆ ಫಲಕದ್ದು, ಡಬ್ಬಿಯದ್ದು, ಕಾವಲಿಯದ್ದು ಫೋಟೊ ಆಗಲೇ ತೆಗೆದಿಟ್ಟುಕೊಳ್ಳಿ. ಹೋಟೆಲಿನಲ್ಲಿ ತೂಗುಹಾಕಿರುವ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆಯನ್ನೂ ಬರೆದುಕೊಳ್ಳಿ, ದೂರಿಗೆ ಅದು ಬೇಕಾಗುತ್ತದೆ. ಆಹಾರ ಪ್ರಾಧಿಕಾರದ ಸಹಾಯವಾಣಿ 1800112100, ಹಣಕಾಸಿನ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ನಾನು ಎರಡು ಕಡೆಯೂ ದೂರು ಕೊಟ್ಟಿದ್ದೇನೆ. ಹೋಟೆಲಿನವರು ಆ ಫಲಕವನ್ನು ತೆಗೆದಿದ್ದೇವೆ ಎಂದು ಬರೆದಿದ್ದಾರೆ, ಸಾಂಬಾರಿನ ಬಗ್ಗೆ ಹೇಳಿದ ಸುಳ್ಳಿಗೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ. ಅದನ್ನು ಕೇಳುವುದನ್ನು ನಾನು ಬಿಟ್ಟಿಲ್ಲ.