ಒಂದು, ಒಂದೂವರೆ, ಎರಡು: ಗಿಡ್ಡ ಕಟ್ಟಿಂಗ್‌ಗೆ ಯಾವ ನಂಬರ್ ಹಾಕಿಸಬೇಕು?

ಸೆಲೂನ್‌ನವರ ‘ಎರಡು ನಂಬರ್’ ಬೇರೆ, ಮನೆಯ ಟ್ರಿಮ್ಮರ್‌ನ ‘ಎರಡು’ ಬೇರೆ. ಕೂದಲು ತೀರಾ ಗಿಡ್ಡ ಬಿಡೋರಿಗೆ ಮೊದಲು ಗೊತ್ತಿರಬೇಕಾದ್ದು ಇದೇ. ಸೆಲೂನ್‌ನಲ್ಲಿ ಎರಡು ಅಂದರೆ 6 ಮಿ.ಮೀ. ಕೂದಲು ಉಳಿಯುತ್ತದೆ. ಗಡ್ಡಕ್ಕೆ ಅಂತ ತಂದ ಟ್ರಿಮ್ಮರ್‌ನ ಚಕ್ರ ತಿರುಗಿಸಿ 2ಕ್ಕೆ ಇಟ್ಟರೆ, ಮಿ.ಮೀ. ಲೆಕ್ಕದ ಮೆಷಿನ್ ಆಗಿದ್ದರೆ ಉಳಿಯುವುದು ಬರೀ 2 ಮಿ.ಮೀ. ಮೊದಲನೆಯದರಲ್ಲಿ ತಲೆ ತುಂಬ ಕೂದಲಿದೆ ಅನಿಸುತ್ತದೆ. ಎರಡನೆಯದರಲ್ಲಿ ಚರ್ಮ ಬೆಳ್ಳಗೆ ಇಣುಕುತ್ತದೆ.

ಉಡುಪಿಯಲ್ಲಿ ಮಾರ್ಚ್ ಬಂತೆಂದರೆ ಸೆಕೆ ಶುರು. ಮೇಲಿಂದ ಹೆಲ್ಮೆಟ್. ಮಳೆಗಾಲದಲ್ಲಿ ಇನ್ನೊಂದು ಕತೆ, ತಲೆ ಒಣಗುವುದೇ ಇಲ್ಲ. ಹಾಗಾಗಿ ನಾನು ವರ್ಷವಿಡೀ ಗಿಡ್ಡ ಕೂದಲಿನವನು. ಮನೆ ಹತ್ತಿರದ ಸೆಲೂನ್‌ನಲ್ಲೂ ಹಾಕಿಸಿಕೊಂಡಿದ್ದೇನೆ, ಮನೆಯಲ್ಲಿ ಕ್ಲಿಪ್ಪರ್ (ಸೆಲೂನ್‌ನವರು ತಲೆಗೆ ಓಡಿಸುವ ಮೆಷಿನ್) ಇಟ್ಟುಕೊಂಡು ನನಗೆ, ತಮ್ಮನಿಗೆ, ಮಾವನಿಗೆ ನಾನೇ ಹಾಕಿದ್ದೇನೆ. ಎಲ್ಲ ನಂಬರ್‌ಗಳನ್ನೂ ಈ ಮೂರು ತಲೆಗಳ ಮೇಲೆ ನೋಡಿದ್ದಾಯ್ತು.

ನಂಬರ್‌ನ ಲೆಕ್ಕ ಸುಲಭ. ಅದು ಇಂಚಿನ ಎಂಟನೇ ಒಂದು ಭಾಗದ ಲೆಕ್ಕ. ಒಂದು ನಂಬರ್ ಅಂದರೆ ಎಂಟನೇ ಒಂದು ಇಂಚು, ಸುಮಾರು 3 ಮಿ.ಮೀ. ಎರಡು ಅಂದರೆ ಕಾಲು ಇಂಚು, 6 ಮಿ.ಮೀ. ಮೂರು 10, ನಾಲ್ಕು 13. ಎಂಟು ಅಂದರೆ ಪೂರ್ತಿ ಒಂದು ಇಂಚು. ನಡುವೆ ಅರ್ಧ ನಂಬರ್ (1.5 ಮಿ.ಮೀ.), ಒಂದೂವರೆ (4.5 ಮಿ.ಮೀ.) ಕೂಡ ಇವೆ. 1919ರಿಂದ ಕ್ಲಿಪ್ಪರ್ ಮಾಡುತ್ತಿರುವ ಅಮೆರಿಕದ ವಾಲ್ ಕಂಪನಿಯ ಗಾರ್ಡ್‌ಗಳಲ್ಲಿ, ಅಂದರೆ ಬ್ಲೇಡ್‌ಗೆ ಸಿಕ್ಕಿಸುವ ಬಾಚಣಿಗೆಗಳಲ್ಲಿ, ಇದೇ ಲೆಕ್ಕ. ಸೆಲೂನ್‌ನವರ ಬಾಯಲ್ಲಿ ಇರುವುದೂ ಇದೇ.

ಗಾರ್ಡನ್ನು ಕೈಯಲ್ಲಿ ಹಿಡಿದು ಪಕ್ಕದಿಂದ ನೋಡಿ. ಹಲ್ಲಿನ ಕೆಳಬದಿ ತಲೆಗೆ ತಾಗುತ್ತದೆ, ಮೇಲ್ಬದಿಯ ಮೇಲೆ ಬ್ಲೇಡ್ ಕೂತಿರುತ್ತದೆ. ಬ್ಲೇಡ್‌ನ ತುದಿ ಬರುವ ಜಾಗದಲ್ಲಿ ಹಲ್ಲು ಎಷ್ಟು ದಪ್ಪವೋ ಅಷ್ಟೇ ಕೂದಲು ಉಳಿಯುವುದು. ನಂಬರ್ ಅಳಿಸಿಹೋದ ಹಳೆ ಗಾರ್ಡ್ ಇದ್ದರೆ ಮಕ್ಕಳ ಸ್ಕೇಲ್ ಪಕ್ಕದಲ್ಲಿಟ್ಟು ಅಳೆದುಬಿಡಬಹುದು.

ಈಗ ಹೋಲಿಕೆಗೆ ಬರೋಣ. ಜೀರೋ ಅಂದರೆ ಗಾರ್ಡೇ ಇಲ್ಲದ ಬರೀ ಬ್ಲೇಡ್. ಒಂದು ಮಿಲಿಮೀಟರ್ ಕೂಡ ಉಳಿಯುವುದು ಕಷ್ಟ. ತಂಪೇನೋ ಹೌದು, ಆದರೆ ಮಧ್ಯಾಹ್ನ ಮಲ್ಪೆ ಬೀಚಿಗೆ ಹೋಗಿ ಬಂದರೆ ನೆತ್ತಿ ಸುಡುತ್ತದೆ. ಬೆವರಿಗೆ ಸಣ್ಣ ಗುಳ್ಳೆ ಏಳುವುದೂ ಉಂಟು. ಜೀರೋ ನನಗೆ ಕತ್ತಿನ ಹಿಂದೆ ಮತ್ತು ಕಿವಿಯ ಸುತ್ತ ಮಾತ್ರ ಸಾಕು. ಅರ್ಧ ನಂಬರ್‌ಗೂ ಹೆಚ್ಚುಕಡಿಮೆ ಇದೇ ಮಾತು. ನಾಲ್ಕೈದು ದಿನ ಕಳೆದರೆ ಅದು ಒಂದು ನಂಬರ್ ಆಗಿರುತ್ತದೆ. ತಲೆಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿಯೇ ಬೆಳೆಯುತ್ತದಲ್ವಾ, ವಾರಕ್ಕೆ ಸುಮಾರು ಎರಡೂವರೆ ಮಿ.ಮೀ. ಅಂತ ಇಟ್ಟುಕೊಳ್ಳಿ. ಈ ಲೆಕ್ಕ ತಲೆಯಲ್ಲಿದ್ದರೆ ನಂಬರ್ ಆರಿಸುವುದು ತುಂಬ ಸುಲಭ. ಇವತ್ತು ಹಾಕಿಸಿದ ಒಂದು ನಂಬರ್ ಒಂಬತ್ತು ಹತ್ತು ದಿನಕ್ಕೆ ಎರಡು ನಂಬರ್ ಆಗಿರುತ್ತದೆ.

ನಿಜವಾದ ಸ್ಪರ್ಧೆ ಇರುವುದು ಒಂದು, ಒಂದೂವರೆ, ಎರಡರ ನಡುವೆ. ತಮ್ಮನ ಕೂದಲು ದಟ್ಟ, ಕಪ್ಪು, ಒರಟು. ಅವನ ತಲೆಯ ಹಿಂಬದಿಯಲ್ಲಿ ಎಡಗಡೆ ಒಂದು, ಬಲಗಡೆ ಎರಡು ಹಾಕಿ ತಾರಸಿಯ ಬಿಸಿಲಲ್ಲಿ ನಿಲ್ಲಿಸಿ ನೋಡಿದೆ. ಒಂದು ನಂಬರ್‌ನ ಕಡೆ ಬುರುಡೆಯ ಆಕಾರ, ಹಳೆಯ ಗಾಯದ ಗುರುತು, ಎಲ್ಲವೂ ಕಾಣುತ್ತಿತ್ತು. ಎರಡರ ಕಡೆ ಬರೀ ಕಪ್ಪು, ಕೈ ಆಡಿಸಿದರೆ ಮೆತ್ತಗೆ. ಆಮೇಲೆ ಎರಡು ನಂಬರ್ ಹಾಕಿದ್ದ ಬಲಗಡೆ ಒಂದೂವರೆ ಓಡಿಸಿದೆ. ದೂರದಿಂದ ಕೂದಲು ತುಂಬಿದಂತೆ ಕಾಣುತ್ತದೆ, ಹತ್ತಿರ ಬಂದರೆ ಚರ್ಮದ ನೆರಳು. ಪಕ್ಕಕ್ಕೆ ಒಂದೂವರೆ, ನೆತ್ತಿಗೆ ಎರಡು. ದಟ್ಟ ಕೂದಲಿನವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಸಿಕ್ಕಿಲ್ಲ.

ಮಾವನ ವಿಷಯ ಬೇರೆ. ನೆತ್ತಿಯಲ್ಲಿ ಕೂದಲು ತೆಳುವಾಗಿದೆ. ಅವರಿಗೆ ಸೆಲೂನ್‌ನಲ್ಲಿ ಯಾವಾಗಲೂ ಮೂರು ನಂಬರ್. ಉದ್ದ ಬಿಟ್ಟರೆ ತೆಳು ಮುಚ್ಚುತ್ತದೆ ಅಂತ ಅವರ ನಂಬಿಕೆ. ಆಗುವುದು ಉಲ್ಟಾ. ಪಕ್ಕದ ಕೂದಲು 10 ಮಿ.ಮೀ. ಇದ್ದರೆ ದಟ್ಟವಾಗಿ ಕಾಣುತ್ತದೆ, ಅದರ ಪಕ್ಕದಲ್ಲಿ ನೆತ್ತಿ ಇನ್ನಷ್ಟು ಬೋಳಾಗಿ ಕಾಣುತ್ತದೆ. ನಾನು ಇಡೀ ತಲೆಗೆ ಒಂದು ನಂಬರ್ ಹಾಕಿದೆ. ಎಲ್ಲ ಕಡೆ ಒಂದೇ ಬಣ್ಣ ಬಂತು, ನೆತ್ತಿ ಎದ್ದು ಕಾಣುವುದು ನಿಂತಿತು. ಕನ್ನಡಿಯಲ್ಲಿ ಅತ್ತಿತ್ತ ತಿರುಗಿ ನೋಡಿ, ‘ಇದೇ ಇರ್ಲಿ ಮಾರಾಯ’ ಅಂದರು. ಕೂದಲು ಉದುರುವ ಚಿಂತೆ ಇರುವ ಎಲ್ಲರಿಗೂ ನಾನು ಹೇಳುವುದು ಇದನ್ನೇ. ಉದ್ದ ಬಿಡಬೇಡಿ, ಪಕ್ಕವನ್ನು ಗಿಡ್ಡ ಮಾಡಿ.

ಕ್ಲಿಪ್ಪರ್‌ನ ಪಕ್ಕದಲ್ಲಿ ಒಂದು ಲಿವರ್ ಇರುತ್ತದೆ. ಅದನ್ನು ಸುಮಾರು ಜನ ಮುಟ್ಟುವುದೇ ಇಲ್ಲ. ಮುಚ್ಚಿದಾಗ ಗಾರ್ಡ್‌ನ ನಂಬರ್ ಸರಿಯಾಗಿ ಬರುತ್ತದೆ, ತೆರೆದರೆ ಕೂದಲು ಸ್ವಲ್ಪ ಉದ್ದ ಉಳಿಯುತ್ತದೆ. ಒಂದೂವರೆಯ ಗಾರ್ಡ್ ಇಲ್ಲದಿದ್ದರೆ ಒಂದು ನಂಬರ್ ಹಾಕಿ ಲಿವರ್ ತೆರೆದರೆ ಹತ್ತಿರ ಹತ್ತಿರ ಅದೇ ಆಯ್ತು.

ಟ್ರಿಮ್ಮರ್‌ಗೂ ಕ್ಲಿಪ್ಪರ್‌ಗೂ ಹೋಲಿಸಿದರೆ ತಲೆಗೆ ನನ್ನ ಮತ ಕ್ಲಿಪ್ಪರ್‌ಗೇ. ಅರ್ಧರ್ಧ ಮಿ.ಮೀ. ಹೊಂದಿಸಬಹುದು ಅನ್ನುವುದು ಟ್ರಿಮ್ಮರ್‌ನ ಗುಣ, ನಿಜ. ಆದರೆ ಅದರ ಬ್ಲೇಡ್ ಸಣ್ಣದು. ದಟ್ಟ ಕೂದಲಲ್ಲಿ ಅದೇ ಜಾಗಕ್ಕೆ ಮತ್ತೆ ಮತ್ತೆ ಓಡಿಸಬೇಕು. ಉದ್ದ ಹೊಂದಿಸುವ ಬಾಚಣಿಗೆ ಒತ್ತಿದರೆ ಬಾಗುತ್ತದೆ, ಬಾಗಿದಲ್ಲಿ ಗುಳಿ ಬೀಳುತ್ತದೆ. ಟ್ರಿಮ್ಮರ್ ಮಾತ್ರ ಇದ್ದರೆ, ಬೇಕಾದ್ದಕ್ಕಿಂತ 2 ಮಿ.ಮೀ. ಜಾಸ್ತಿ ಇಟ್ಟು ಶುರುಮಾಡಿ, ಆಮೇಲೆ ಇಳಿಸಿ. ಚಕ್ರದ ಅಂಕಿ ಮಿ.ಮೀ. ಹೌದೋ ಅಲ್ಲವೋ ಅಂತ ಡಬ್ಬಿಯ ಮೇಲೆ ಓದಿಕೊಳ್ಳಿ. ಕೆಲವದರಲ್ಲಿ ಅದು ಬರೀ ಮೆಟ್ಟಿಲಿನ ಅಂಕಿ.

ಯಾವ ಮೆಷಿನ್ ಆದರೂ ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ಓಡಿಸಬೇಕು. ಅದೇ ದಿಕ್ಕಿಗೆ ಓಡಿಸಿದರೆ ಅದೇ ಗಾರ್ಡ್‌ನಲ್ಲೂ ಉದ್ದ ಉಳಿಯುತ್ತದೆ. ಸುಳಿಯ ಹತ್ತಿರ ನಾಲ್ಕೂ ಕಡೆಯಿಂದ ಬರಬೇಕು, ಇಲ್ಲವಾದರೆ ಅಲ್ಲೊಂದು ಕುಚ್ಚು ನಿಂತೇ ಇರುತ್ತದೆ. ತಲೆ ಒಣಗಿರಲಿ, ಎಣ್ಣೆ ಬೇಡ. ಗಾರ್ಡ್ ‘ಟಕ್’ ಅಂತ ಕೂತಿದೆಯಾ ನೋಡಿಕೊಳ್ಳಿ. ಅರ್ಧ ಕೂತ ಗಾರ್ಡ್ ನಡುವೆ ಕಳಚಿಬಿದ್ದರೆ ಆ ಜಾಗದಲ್ಲಿ ಜೀರೋ.

ಸೆಲೂನ್‌ಗೆ ಹೋದಾಗ, ‘ಎಷ್ಟು ನಂಬರ್ ಹಾಕುದು ಮಾರಾಯ್ರೆ?’ ಅಂತ ಕೇಳಿದರೆ ನಾನು, ‘ಸೈಡಿಗೆ ಒಂದೂವರೆ, ಮೇಲೆ ಎರಡು, ಆರು ಮಿಲಿಮೀಟರಿಂದು ಅಣ್ಣ’ ಅನ್ನುತ್ತೇನೆ. ಸುಮ್ನೆ ‘ಸಣ್ಣ ಮಾಡಿ’ ಅಂದರೆ ಒಬ್ಬೊಬ್ಬರ ಸಣ್ಣ ಒಂದೊಂದು. ಹಾಗೇ, ಬ್ರಷ್ ಹಾಕಿ ಬ್ಲೇಡ್, ಗಾರ್ಡ್ ಕ್ಲೀನ್ ಮಾಡಲು ಹೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮನೆಯಲ್ಲಿ ಕ್ಲಿಪ್ಪರ್ ಇಟ್ಟುಕೊಳ್ಳೋರು ಎಣ್ಣೆ ಮರೆಯಬೇಡಿ. ನಮ್ಮ ಉಪ್ಪುಗಾಳಿಗೆ ಬ್ಲೇಡ್ ಬೇಗ ತುಕ್ಕು ಹಿಡಿಯುತ್ತದೆ. ಜೊತೆಗೆ ಬಂದ ಎಣ್ಣೆ ಮುಗಿದರೆ ಹೊಲಿಗೆ ಮೆಷಿನ್ ಎಣ್ಣೆ ಎರಡು ಹನಿ ಸಾಕು. ತೆಂಗಿನೆಣ್ಣೆ ಮಾತ್ರ ಹಾಕಬೇಡಿ. ಡಿಸೆಂಬರ್ ಬೆಳಗ್ಗೆ ಅದು ಬ್ಲೇಡ್‌ನ ಸಂದಿಯಲ್ಲೇ ಗಟ್ಟಿಯಾಗಿ ಕೂತಿರುತ್ತದೆ.