ಬ್ರೇನ್ ಮ್ಯಾಪಿಂಗ್‌ಗೆ 9 ಸಾವಿರ ಕೊಟ್ವಿ, ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಐದಕ್ಕೆ ಎರಡು ಸ್ಟಾರ್. ಹೆಸ್ರು ಹಾಕಲ್ಲ, ಯಾಕಂದ್ರೆ ನನ್ನ ತಕರಾರು ಈ ಬ್ರೇನ್ ಮ್ಯಾಪಿಂಗ್ ಪ್ಯಾಕೇಜ್ ಮೇಲೆ, ಅದನ್ನ ಮಾರೋರು ಬೇರೆಯವ್ರೂ ಇದಾರೆ.

ನಮ್ ಮಗನಿಗೆ ನಾಲ್ಕೂವರೆ ವರ್ಷ. ಮಾತು ಕಮ್ಮಿ, ಹೆಸ್ರಿಡ್ದು ಕರೆದ್ರೆ ತಿರುಗಲ್ಲ, ಕುಕ್ಕರ್ ವಿಶಲ್ ಕೂಗಿದ್ರೆ ಎರಡೂ ಕಿವಿ ಮುಚ್ಕೊಂಡು ಮಂಚದ ಕೆಳಗೆ ಹೋಗ್ಬಿಡ್ತಾನೆ. ಆಟಿಸಂ ಇರಬಹುದು ಅಂತ ಹಾಸನದಲ್ಲೇ ಮಕ್ಕಳ ಡಾಕ್ಟ್ರು ಹೇಳಿದ್ರು. ಅದಾಗಿ ಒಂದು ವಾರಕ್ಕೆ ವಾಟ್ಸಾಪಲ್ಲಿ ಪೋಸ್ಟರ್ ಬಂತು, ಬಿ.ಎಂ. ರೋಡಲ್ಲಿ ಎರಡು ದಿನ ಕ್ಯಾಂಪ್, ಮೆದುಳಿನ ಕನೆಕ್ಷನ್ ಎಲ್ಲಿ ಕಟ್ ಆಗಿದೆ ಅಂತ ತೋರಿಸ್ತೀವಿ ಅಂತ. ಅದನ್ನ ಓದಿದ ತಾಯಿಗೆ ರಾತ್ರಿ ನಿದ್ದೆ ಬರುತ್ತಾ? ಬೆಳಗ್ಗೆನೇ ಹೋಗಿ ಕ್ಯೂ ನಿಂತ್ವಿ.

ಬ್ರೇನ್ ಮ್ಯಾಪಿಂಗ್ ಅಂತ ಅಲ್ಲಿ ಮಾಡೋದು ಇಇಜಿ, ಅಂದ್ರೆ ಮೆದುಳಿನ ವಿದ್ಯುತ್ ಚಟುವಟಿಕೆನ ತಲೆ ಹೊರಗಿಂದ ರೆಕಾರ್ಡ್ ಮಾಡೋ ಟೆಸ್ಟ್. ಈಜೋರು ಹಾಕ್ಕೊಳ್ಳೋ ಥರದ ಟೋಪಿ ತಲೆಗೆ ಬಿಗಿದು, 19 ಕಡೆ ಸಿರಿಂಜಲ್ಲಿ ತಣ್ಣಗಿರೋ ಜೆಲ್ ಬಿಡ್ತಾರೆ. ಒಂದು ಸ್ಟಾರ್ ಆ ಟೆಕ್ನೀಷಿಯನ್ ಹುಡ್ಗಿಗೆ. ಟೋಪಿನ ಮೊದ್ಲು ತನ್ನ ತಲೆಗೆ ಹಾಕ್ಕೊಂಡು ತೋರ್ಸಿದ್ಲು, ಜೆಲ್‌ನ ಇವನ ಬೆರಳಿಗೆ ಮುಟ್ಸಿದ್ಲು, ಮುಕ್ಕಾಲು ಗಂಟೆ ನೆಲದ ಮೇಲೆ ಕೂತಿದ್ಲು ಪಾಪ. ಆದ್ರೂ ನಮ್ಮೋನು ತಲೆ ಆಡಿಸ್ತಾನೇ ಇದ್ದ, ಕಣ್ಣು ಪಿಳಿಪಿಳಿ ಮಾಡ್ತಾನೇ ಇದ್ದ, ಹಲ್ಲು ಕಚ್ಚಿ ಅತ್ತ. ಹಂಗೇ ರೆಕಾರ್ಡ್ ಮಾಡ್ಕೊಂಡ್ರು.

ನಾಲ್ಕು ದಿನಕ್ಕೆ ರಿಪೋರ್ಟ್ ಬಂತು, 14 ಪುಟ, ಬರೀ ಗುಂಡು ತಲೆ ಚಿತ್ರಗಳು, ಕೆಂಪು ನೀಲಿ ಗೆರೆಗಳು. ಕೆಳಗೆ ಕನೆಕ್ಟಿವಿಟಿ ಕಮ್ಮಿ ಅಂತ ಒಂದು ಸಾಲು. ನಮ್ಮತ್ತೆ ಕೆಂಪು ಗೆರೆ ಮೇಲೆ ಬೆರಳಿಟ್ಟು "ಮಗೀಗೆ ಒಳಗೆ ಗಾಯ ಆಗೈತೇನವ್ವಾ" ಅಂತ ಅತ್ರು. ಅದನ್ನ ಮಾತ್ರ ನಾನು ಮರೆಯಲ್ಲ. ರಿಪೋರ್ಟ್ ಕೊಟ್ಟೋರು ಅರ್ಥ ಹೇಳ್ಲಿಲ್ಲ, 40 ಸೆಷನ್ ಪ್ಯಾಕೇಜ್ ರೇಟ್ ಹೇಳಿದ್ರು.

ಆಮೇಲೆ ನಾನೇ ಎರಡು ವಾರ ಕೂತು ಓದಿದೆ. ಕನೆಕ್ಟಿವಿಟಿ ಅಂದ್ರೆ ವೈರ್ ಕಟ್ ಆಗಿದೆ ಅಂತಲ್ಲ. ಮೆದುಳಿನ ಎರಡು ಜಾಗದ ಚಟುವಟಿಕೆ ಒಟ್ಟೊಟ್ಟಿಗೆ ಏರಿಳಿಯುತ್ತಾ ಅಂತ ಲೆಕ್ಕ ಹಾಕ್ತಾರೆ, ಅಷ್ಟೇ. ನಮ್ಮ ಹಾಸನ ಬಸ್ ಸ್ಟ್ಯಾಂಡಲ್ಲಿ ಬೇಲೂರು ಬಸ್ಸೂ ಅರಸೀಕೆರೆ ಬಸ್ಸೂ ಒಂದೇ ಟೈಮಿಗೆ ರಶ್ ಆದ್ರೆ ಏನೋ ಸಂಬಂಧ ಇದೆ ಅನ್ನಬಹುದು, ಆದ್ರೆ ಅದ್ರಿಂದ ಬೇಲೂರಿಗೂ ಅರಸೀಕೆರೆಗೂ ಮಧ್ಯ ರೋಡು ಹೆಂಗಿದೆ ಅಂತ ಗೊತ್ತಾಗಲ್ಲ ಅಲ್ವಾ. ಮೆದುಳಲ್ಲಿ ಸುಮಾರು 8,600 ಕೋಟಿ ನರಕೋಶ ಇವೆ, ನಾವು ತಲೆ ಹೊರಗಿಂದ 19 ಕಡೆ ಕಿವಿ ಇಟ್ಟು ಕೇಳ್ತಿದೀವಿ.

ಆಟಿಸಂಗೂ ಕನೆಕ್ಟಿವಿಟಿಗೂ ಸಂಬಂಧ ಇದೆ ಅನ್ನೋ ವಿಷಯ ಸುಳ್ಳಲ್ಲ. 2004ರಲ್ಲಿ ಅಮೆರಿಕದ ಕಾರ್ನೆಗೀ ಮೆಲನ್ ಗುಂಪು ಎಂಆರ್‌ಐ ಸ್ಕ್ಯಾನರ್ ಒಳಗೆ ವಾಕ್ಯ ಓದಿಸಿ, ಆಟಿಸಂ ಇರೋರಲ್ಲಿ ದೂರದ ಭಾಗಗಳ ಹೊಂದಾಣಿಕೆ ಕಮ್ಮಿ ಅಂತ ತೋರಿಸ್ತು. ಆಮೇಲೆ ಬೇರೆಯವ್ರಿಗೆ ಮಕ್ಕಳಲ್ಲಿ ಕೆಲವು ಕಡೆ ಅದು ಜಾಸ್ತಿನೇ ಕಾಣಿಸ್ತು. 2012ರಲ್ಲಿ ಇನ್ನೊಂದು ಗೊತ್ತಾಯ್ತು, ಎಂಆರ್‌ಐ ಸ್ಕ್ಯಾನರಲ್ಲಿ ತಲೆ ಒಂಚೂರು ಅಲ್ಲಾಡಿದ್ರೂ ದೂರದ ಕನೆಕ್ಷನ್ ಕಮ್ಮಿ, ಹತ್ತಿರದ್ದು ಜಾಸ್ತಿ ಅಂತ ತಪ್ಪಾಗಿ ಕಾಣುತ್ತಂತೆ. ಇಇಜಿಲಿ ಕಣ್ಣು ಮಿಟುಕಿಸೋದು, ಹಲ್ಲು ಕಚ್ಚೋದು ಎಲ್ಲಾ ಸಿಗ್ನಲ್ ಆಗಿ ಬರುತ್ತೆ. ನಮ್ ಮಗ ಆವತ್ತು ಮಾಡಿದ್ದು ಅದನ್ನೇ! ಎಬೈಡ್ ಅಂತ ಮೆದುಳಿನ ಎಂಆರ್‌ಐ ಸ್ಕ್ಯಾನ್‌ಗಳ ಒಂದು ದೊಡ್ಡ ಸಂಗ್ರಹ ಇದೆ, ಅದರ ಮೊದಲ ಕಂತು 17 ಕಡೆಯಿಂದ ಆಟಿಸಂ ಇರೋ 539 ಜನ, ಇಲ್ಲದ 573 ಜನರ ಸ್ಕ್ಯಾನ್ ಸೇರಿಸಿದ್ದು. ಅಷ್ಟು ಜನರನ್ನ ಸೇರಿಸಿದಾಗ ಸರಾಸರಿಯಲ್ಲಿ ವ್ಯತ್ಯಾಸ ಕಾಣುತ್ತೆ, ಒಂದು ಮಗುವಿನ ಚಿತ್ರ ನೋಡಿ ಹೌದು ಇಲ್ಲ ಅನ್ನೋಕಾಗಲ್ಲ.

ಮೈಸೂರು ವಾಕ್ ಶ್ರವಣ ಸಂಸ್ಥೆಗೆ ಬೆಳಗಿನ ಟ್ರೈನಲ್ಲಿ ಹೋದಾಗ ರಿಪೋರ್ಟ್ ತಗೊಂಡೇ ಹೋಗಿದ್ದೆ. ಅಲ್ಲಿನ ಮೇಡಂ ಪುಟ ತಿರುವಿ ಪಕ್ಕಕ್ಕಿಟ್ರು, ಇವನ ಮುಂದೆ ಬಣ್ಣದ ಲೋಟಗಳನ್ನ ಇಟ್ಟು ಸುಮ್ನೆ ನೋಡ್ತಾ ಕೂತ್ರು, ನನ್ನ ಹತ್ರ ಒಂದೊಂದೇ ಕೇಳಿದ್ರು, ಬೆರಳು ತೋರಿಸ್ತಾನಾ, ಬೇಕಾದ್ದಕ್ಕೆ ನಿಮ್ಮ ಕೈ ಹಿಡಿದು ಎಳೀತಾನಾ ಅಂತ. ಆಟಿಸಂ ಗುರುತಿಸೋದು ಹಿಂಗೇ, ನಡವಳಿಕೆ ನೋಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಲಿ ಇರೋ 21 ಅಂಗವೈಕಲ್ಯದಲ್ಲಿ ಆಟಿಸಂ ಕೂಡ ಇದೆ, ಅದರ ಸರ್ಟಿಫಿಕೇಟ್‌ಗೂ ಐಸಾ ಅನ್ನೋ ಪ್ರಶ್ನೆಪಟ್ಟಿ ಸ್ಕೋರೇ ನೋಡೋದು, ಈ ಬಣ್ಣದ ಪುಟ ಅಲ್ಲ.

ಇಇಜಿನೇ ಬೇಡ ಅಂತ ಯಾರೂ ತಪ್ಪು ತಿಳ್ಕೋಬೇಡಿ. ಆಟಿಸಂ ಇರೋ ಮಕ್ಕಳಿಗೆ ಫಿಟ್ಸ್ ಬರೋ ಸಾಧ್ಯತೆ ಬೇರೆ ಮಕ್ಕಳಿಗಿಂತ ಜಾಸ್ತಿ, ಮಗು ಇದ್ದಕ್ಕಿದ್ದಂಗೆ ಶೂನ್ಯ ನೋಡ್ತಾ ನಿಂತ್ರೆ, ಕೈಕಾಲು ಅದುರಿದ್ರೆ ನರರೋಗದ ಡಾಕ್ಟ್ರಿಗೆ ತೋರ್ಸಿ, ಅವರು ಬರೆದ ಇಇಜಿ ಮಾಡಿಸ್ಲೇಬೇಕು. ಎರಡನೇ ಸ್ಟಾರ್ ಅದಕ್ಕೇ, ಮಷಿನ್ ಒಳ್ಳೇದೇ. ಹಿಂದಿನ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ನನಗೆ ಯಾರೂ ಹೇಳಿರ್ಲಿಲ್ಲ, ಅಲ್ಲೇ ನಲ್ಲಿ ಕೆಳಗೆ ಅಳೋ ಮಗುವಿನ ತಲೆ ತೊಳೆಯೋ ಹಂಗಾಯ್ತು.

ಆ 40 ಸೆಷನ್‌ಗೆ ಸೇರ್ಲಿಲ್ಲ ನಾವು. ಆ ದುಡ್ಡಲ್ಲಿ ಇಲ್ಲೇ ವಾರಕ್ಕೆ ಮೂರು ದಿನ ಸ್ಪೀಚ್ ಥೆರಪಿ ನಡೀತಿದೆ. ಮೊನ್ನೆ ಕುಕ್ಕರ್ ಇಡೋ ಮುಂಚೆ "ವಿಶಲ್ ಬರುತ್ತೆ ಪುಟ್ಟ" ಅಂದೆ, ಮಂಚದ ಕೆಳಗೆ ಹೋಗ್ಲಿಲ್ಲ, ನನ್ನ ಕೈ ಎರಡನ್ನೂ ತಗೊಂಡು ತನ್ನ ಕಿವಿ ಮೇಲೆ ಇಟ್ಕೊಂಡ.